ಹಂಡೆ ಒಲೆಯ ಲೆಕ್ಕ
ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಬಚ್ಚಲುಮನೆಗಳಲ್ಲಿ ಹಂಡೆ ಕಾಯುವುದು ತೆಂಗಿನ ಗರಿ, ಸಿಪ್ಪೆ, ಚಿಪ್ಪಿನಿಂದಲೇ. ತೋಟದ್ದೇ ಸೌದೆ, ಖರ್ಚೇನು ಎಂಬ ಮಾತು ಸಹಜ. ಆದರೆ ಚಿಪ್ಪಿಗೆ ಇದ್ದಿಲಿನವರು ಕಾಸು ಕೊಡುತ್ತಾರೆ, ಸಿಪ್ಪೆಗೆ ನಾರಿನವರು. ಬುಡಕ್ಕೆ ಹೊದಿಸಿದ ಗರಿ ಬೇಸಿಗೆಯಲ್ಲಿ ತೇವ ಉಳಿಸುತ್ತದೆ. 100 ಲೀಟರ್ ನೀರನ್ನು 25 ಡಿಗ್ರಿ ಬಿಸಿಯೇರಿಸಲು ಬೇಕಾದ ಶಾಖ ಸುಮಾರು 3 ಯೂನಿಟ್ ವಿದ್ಯುತ್ತಿನಷ್ಟು. ಒಂದು ಕಿಲೋ ಒಣ ಸೌದೆಯಲ್ಲೇ ಅಷ್ಟು ಶಾಖವಿದೆ. ನಾವು ಉರಿಸುವುದು ಅದರ ಹಲವು ಪಟ್ಟು. ಉಳಿದದ್ದು ಒಲೆಯ ಬಾಯಿಂದ, ಹಂಡೆಯ ಪಕ್ಕದಿಂದ ಸೋರಿಹೋಗುತ್ತದೆ, ಹೊಗೆ ಮಾತ್ರ ಉರಿ ಹಾಕುವ ಹೆಂಗಸರ ಎದೆ ಸೇರುತ್ತದೆ.

ಹಾಗಾಗಿ ಮೊದಲು ಒಲೆ ಸರಿಮಾಡಿಸಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ತಂಡ ನಮ್ಮದೇ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಹಳ್ಳಿಯ ಒಲೆಗಳನ್ನು ಅಧ್ಯಯನ ಮಾಡಿತ್ತು. ಅಸ್ತ್ರ ಒಲೆಯ ಗುಟ್ಟು ಕೆಳಗೊಂದು ಜಾಲರಿ, ಮುಚ್ಚಿದ ಉರಿಗೂಡು, ಹೊಗೆಗೊಳವೆ. ಹಂಡೆಗೂ ಇದೇ ಸಾಕು, ಜೊತೆಗೊಂದು ಮುಚ್ಚಳ. ಆಮೇಲೆ ನೀರು ಕಾಯಿಸುವ ಸೋಲಾರ್ ಹಾಕಿಸಿದರೆ ಬೋರ್‌ವೆಲ್ಲಿನ ಗಡಸು ನೀರು ಕೊಳವೆಯಲ್ಲಿ ಉಪ್ಪು ಕಟ್ಟುತ್ತದೆಂಬ ಅಂಜಿಕೆ ನಿಜವೇ. ಅದಕ್ಕೇ ಹೀಟ್ ಎಕ್ಸ್‌ಚೇಂಜರ್ ಇರುವ ಮಾದರಿ ಕೇಳಿ. ಮೋಡದ ದಿನಕ್ಕೆ ಒಲೆ ಇದ್ದೇ ಇದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಇರುವಾಗ ಗೀಸರ್ ಸಾಲದೇ ಎನ್ನುವವರು ಗಮನಿಸಿ: ದಿನಕ್ಕೆ 3 ಯೂನಿಟ್ ಎಂದರೆ ತಿಂಗಳಿಗೆ 90. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ನೀವೇ ಕಟ್ಟಬೇಕು.