ವೈದ್ಯಸಂಶೋಧಕನ ವಿದ್ವತ್ತಿಗೆ ಅಳತೆಗೋಲು: ಉಲ್ಲೇಖಗಣನೆಯ ಗುಣದೋಷವಿಚಾರ

ವಿದ್ವತ್ತಿಗೆ ಮತ್ತೊಬ್ಬ ವಿದ್ವಾಂಸನೇ ಸಾಕ್ಷಿ ಎಂಬುದು ಪ್ರಾಚೀನರು ಬಲ್ಲ ಮಾತು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ತನ್ನ ಸೂತ್ರಗಳ ಸಮರ್ಥನೆಗೆ ಪೂರ್ವಕವಿಗಳ ಪ್ರಯೋಗಗಳನ್ನು ಉದಾಹರಿಸಿದನು. ಗಜಗ, ಗುಣನಂದಿ, ಅಸಗ ಮೊದಲಾದವರನ್ನು ಹೆಸರಿಸಿ ಸ್ಮರಿಸಿದನು. ಅಸಗನ ಕನ್ನಡ ಕಾವ್ಯ ಇಂದು ದೊರೆಯದಿದ್ದರೂ ಆತನ ಹೆಸರು ಉಳಿದಿರುವುದು ಇಂತಹ ಉಲ್ಲೇಖಗಳ ಬಲದಿಂದಲೇ. ಒಬ್ಬನ ಮಾತನ್ನು ಮತ್ತೊಬ್ಬನು ಆಧಾರವಾಗಿ ಎತ್ತಿಕೊಳ್ಳುವ ಈ ಕ್ರಿಯೆಯನ್ನೇ ಆಧುನಿಕ ವಿಜ್ಞಾನವು ಲೆಕ್ಕಕ್ಕೆ ಇಳಿಸಿದೆ. ವೈದ್ಯಸಂಶೋಧಕನ ನೇಮಕ, ಬಡ್ತಿ, ಧನಸಹಾಯಗಳು ಹಲವೆಡೆ ಈ ಲೆಕ್ಕವನ್ನು ಅವಲಂಬಿಸಿರುವುದರಿಂದ ಅದರ ಸ್ವರೂಪವನ್ನು ವಿಚಾರಿಸುವುದು ಉಚಿತವಾಗಿದೆ.

ಉಲ್ಲೇಖಸೂಚಿಯ ಉದಯ

ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಅವರು 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ವಿಚಾರವನ್ನು ಮಂಡಿಸಿದರು. ಹಳೆಯ ತೀರ್ಪುಗಳನ್ನು ಮುಂದಿನ ಯಾವ ಯಾವ ತೀರ್ಪುಗಳು ಉಲ್ಲೇಖಿಸಿವೆ ಎಂದು ತೋರಿಸುವ ಸೂಚಿಯೊಂದು ಅಲ್ಲಿಯ ವಕೀಲರಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೇ ಬಳಕೆಯಲ್ಲಿತ್ತು. ಅದೇ ಮಾದರಿಯನ್ನು ವಿಜ್ಞಾನಕ್ಕೆ ಅನ್ವಯಿಸಿ 1964ರಲ್ಲಿ ಅವರು 'ಸೈನ್ಸ್ ಸೈಟೇಶನ್ ಇಂಡೆಕ್ಸ್' ಎಂಬ ಬೃಹತ್ ಸೂಚಿಯನ್ನು ಹೊರತಂದರು. ಅದರ ಮೂಲೋದ್ದೇಶ ಸಂಬಂಧಪಟ್ಟ ಲೇಖನಗಳನ್ನು ಹುಡುಕಿಕೊಡುವುದು. ವ್ಯಕ್ತಿಗಳನ್ನು ತೂಗುವ ತಕ್ಕಡಿಯಾಗಿ ಅದು ಬಳಕೆಗೆ ಬಂದದ್ದು ಅನಂತರ.

ಎಣಿಕೆಯ ಬಗೆಗಳು

ಈ ಎಣಿಕೆಯಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳುಂಟು. ಪ್ರಕಟವಾದ ಲೇಖನಗಳ ಸಂಖ್ಯೆ ಮೊದಲನೆಯದು. ಇದು ಪರಿಶ್ರಮವನ್ನು ತೋರುತ್ತದೆ, ಪ್ರಭಾವವನ್ನಲ್ಲ. ಆ ಲೇಖನಗಳಿಗೆ ದೊರೆತ ಒಟ್ಟು ಉಲ್ಲೇಖಗಳು ಎರಡನೆಯದು. ಮೂರನೆಯದು ಪತ್ರಿಕೆಯ 'ಇಂಪ್ಯಾಕ್ಟ್ ಫ್ಯಾಕ್ಟರ್', ಅಂದರೆ ಪ್ರಭಾವಾಂಕ. ಹಿಂದಿನ ಎರಡು ವರ್ಷಗಳಲ್ಲಿ ಪತ್ರಿಕೆಯು ಪ್ರಕಟಿಸಿದ ಬರಹಗಳಿಗೆ ಈ ವರ್ಷ ದೊರೆತ ಉಲ್ಲೇಖಗಳನ್ನು ಆ ಎರಡು ವರ್ಷಗಳ ಲೇಖನಸಂಖ್ಯೆಯಿಂದ ಭಾಗಿಸಿದರೆ ಅದು ದೊರೆಯುತ್ತದೆ. ಇದು ಪತ್ರಿಕೆಯ ಸರಾಸರಿಯೇ ಹೊರತು ಲೇಖಕನ ಯೋಗ್ಯತೆಯಲ್ಲ. ಊರು ಶ್ರೀಮಂತವಾದ ಮಾತ್ರಕ್ಕೆ ಅಲ್ಲಿಯ ಪ್ರತಿ ಮನೆಯೂ ಸಿರಿವಂತವೆನ್ನಲಾಗದು.

ನಾಲ್ಕನೆಯದು ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಅವರು 2005ರಲ್ಲಿ ಸೂಚಿಸಿದ 'ಎಚ್ ಸೂಚ್ಯಂಕ'. ಕನಿಷ್ಠಪಕ್ಷ ಎಚ್ ಸಲವಾದರೂ ಉಲ್ಲೇಖಗೊಂಡ ಎಚ್ ಲೇಖನಗಳಿದ್ದರೆ, ಅಂತಹ ಗರಿಷ್ಠ ಸಂಖ್ಯೆಯೇ ಸೂಚ್ಯಂಕ. ಇದನ್ನು ಕಲ್ಪಿತ ಉದಾಹರಣೆಯೊಂದರಿಂದ ವಿಶದಪಡಿಸಬಹುದು. ಒಬ್ಬನ ನಾಲ್ಕು ಲೇಖನಗಳು ಕ್ರಮವಾಗಿ 900, 400, 6, 2 ಸಲ ಉಲ್ಲೇಖಗೊಂಡಿವೆ. ಅವನ ಒಟ್ಟು 1308, ಸೂಚ್ಯಂಕ ಕೇವಲ 3. ಮತ್ತೊಬ್ಬನ ಹನ್ನೆರಡು ಲೇಖನಗಳು ತಲಾ 12 ಸಲ ಉಲ್ಲೇಖಗೊಂಡಿವೆ; ಒಟ್ಟು 144, ಸೂಚ್ಯಂಕ 12. ಯಾರು ಹಿರಿಯರು? ಒಂದು ಅಳತೆ ಮೊದಲನೆಯವನನ್ನು ಎತ್ತಿಹಿಡಿದರೆ ಇನ್ನೊಂದು ಎರಡನೆಯವನನ್ನು ಎತ್ತಿಹಿಡಿಯುತ್ತದೆ. ಒಂದೇ ಅಂಕಿಯನ್ನು ನಂಬಿದವನು ಮೋಸಹೋಗುವನೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಶಂಭುನಾಥ ಡೇ ಅವರ ನಿದರ್ಶನ

ಅಳತೆಗೋಲಿನ ಮಿತಿಯನ್ನೂ ಉಪಯೋಗವನ್ನೂ ಏಕಕಾಲದಲ್ಲಿ ತೋರುವುದು ಕಲಕತ್ತೆಯ ವೈದ್ಯವಿಜ್ಞಾನಿ ಶಂಭುನಾಥ ಡೇ ಅವರ ಜೀವನ. ಕಾಲರಾ ರೋಗಾಣುವು ವಿಷವೊಂದನ್ನು ಸ್ರವಿಸುತ್ತದೆಂದು ರಾಬರ್ಟ್ ಕಾಖ್ ಅವರು 1884ರಲ್ಲಿಯೇ ಊಹಿಸಿದ್ದರೂ ಪ್ರಯೋಗದ ಆಧಾರ ದೊರೆತಿರಲಿಲ್ಲ. ಡೇ ಅವರು 1953ರಲ್ಲಿ ಸಹೋದ್ಯೋಗಿಯೊಡನೆ ಮೊಲದ ಸಣ್ಣಕರುಳಿನ ಒಂದು ಭಾಗವನ್ನು ಎರಡು ಕಡೆ ಕಟ್ಟಿ, ರೋಗಾಣುಗಳನ್ನು ಸೇರಿಸಿದಾಗ ಅಲ್ಲಿ ದ್ರವವು ತುಂಬಿಕೊಳ್ಳುವುದನ್ನು ತೋರಿಸಿದರು. 1959ರಲ್ಲಿ ರೋಗಾಣುಗಳನ್ನು ಸೋಸಿ ತೆಗೆದ ದ್ರಾವಣವೇ ಅದೇ ಪರಿಣಾಮವನ್ನು ಉಂಟುಮಾಡುವುದೆಂದು 'ನೇಚರ್' ಪತ್ರಿಕೆಯಲ್ಲಿ ಸಿದ್ಧಪಡಿಸಿದರು. ರೋಗಿಯನ್ನು ಕೊಲ್ಲುವುದು ಕರುಳಿನಿಂದ ನೀರನ್ನು ಹೊರಸೆಳೆಯುವ ವಿಷವೆಂಬ ಅರಿವು ಇದರಿಂದ ದೃಢವಾಯಿತು.

ಆ ಕಿರುಲೇಖನ ಮೊದಮೊದಲು ಹೆಚ್ಚಿನವರ ಗಮನವನ್ನು ಸೆಳೆಯಲಿಲ್ಲ. 1969ರಲ್ಲಿ ಆ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಲಾಯಿತು. ಕಾಲಕ್ರಮದಲ್ಲಿ ಅದು ಜೀವಕೋಶಗಳ ಅಧ್ಯಯನಕ್ಕೇ ಒಂದು ಉಪಕರಣವಾಯಿತು. ಆಗ ಡೇ ಅವರ ಲೇಖನಗಳ ಮಹತ್ತ್ವ ಬೆಳಗಿತು. 1978ರಲ್ಲಿ ನೊಬೆಲ್ ಪ್ರತಿಷ್ಠಾನದ ಕಾಲರಾ ವಿಚಾರಗೋಷ್ಠಿಗೆ ಅವರಿಗೆ ಆಹ್ವಾನ ಬಂದಿತು. ನೊಬೆಲ್ ಪುರಸ್ಕೃತ ಜೋಶುವಾ ಲೇಡರ್‌ಬರ್ಗ್ ಅವರು ಪಾರಿತೋಷಕಕ್ಕೆ ಅವರ ಹೆಸರನ್ನು ಸೂಚಿಸಿದ್ದರು. ಸ್ವದೇಶದಲ್ಲಿ ಮಾತ್ರ ತಕ್ಕ ಮನ್ನಣೆ ದೊರೆಯದೆಯೇ ಅವರು 1985ರಲ್ಲಿ ದಿವಂಗತರಾದರು. ಮರುವರ್ಷ ಗಾರ್ಫೀಲ್ಡ್ ಅವರೇ ಉಲ್ಲೇಖಗಳ ಜಾಡು ಹಿಡಿದು ಕಾಲರಾ ಸಂಶೋಧನೆಯಲ್ಲಿ ಡೇ ಅವರ ಸ್ಥಾನವನ್ನು ನಿರೂಪಿಸಿ ಬರೆದರು. 1990ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯು ಅವರ ಕುರಿತು ವಿಶೇಷ ಸಂಚಿಕೆಯನ್ನು ಪ್ರಕಟಿಸಿತು. 1962ರಲ್ಲಿ ಯಾರಾದರೂ ಅಂಕಿಗಳನ್ನು ಮಾತ್ರ ನೋಡಿ ತೀರ್ಪಿತ್ತಿದ್ದರೆ ಅದು ಅನ್ಯಾಯವಾಗುತ್ತಿತ್ತು. ದೀರ್ಘಕಾಲದ ಅನಂತರ ಅದೇ ಅಂಕಿಗಳು ನ್ಯಾಯಕ್ಕೆ ಸಾಕ್ಷಿಯಾದವು.

ಇನ್ನಿತರ ದೋಷಗಳು

ಉಲ್ಲೇಖವೆಲ್ಲವೂ ಪ್ರಶಂಸೆಯಲ್ಲ. ದಡಾರ ಮೊದಲಾದವುಗಳ ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿ 1998ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಲೇಖನವನ್ನು ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಅದಕ್ಕೆ ಉಲ್ಲೇಖಗಳು ಹೇರಳ; ಅವುಗಳಲ್ಲಿ ಬಹುಪಾಲು ಖಂಡನೆಯವು. ಪ್ರೋಟೀನನ್ನು ಅಳೆಯುವ ವಿಧಾನವನ್ನು ತಿಳಿಸುವ 1951ರ ಲೌರಿ ಮತ್ತು ಸಂಗಡಿಗರ ಲೇಖನ 3 ಲಕ್ಷಕ್ಕೂ ಹೆಚ್ಚು ಸಲ ಉಲ್ಲೇಖಗೊಂಡಿದೆ. ಅದು ಉಪಯುಕ್ತ ವಿಧಾನವೇ ಹೊರತು ಮಹಾಸಿದ್ಧಾಂತವಲ್ಲ. ಇವಲ್ಲದೆ ಲೇಖಕನು ತನ್ನನ್ನೇ ಉಲ್ಲೇಖಿಸಿಕೊಳ್ಳುವುದು, ಒಂದೇ ಹೆಸರಿನ ಇಬ್ಬರ ಲೇಖನಗಳು ಬೆರೆಯುವುದು, ಹತ್ತಾರು ಮಂದಿ ಸಹಲೇಖಕರಲ್ಲಿ ಯಾರ ಪಾಲೆಷ್ಟೆಂಬುದು ತಿಳಿಯದಿರುವುದು ಮೊದಲಾದ ತೊಡಕುಗಳುಂಟು. ಹೃದ್ರೋಗದಂತಹ ವಿಶಾಲ ಕ್ಷೇತ್ರದವನನ್ನು ವಿರಳರೋಗವೊಂದನ್ನು ಅಭ್ಯಸಿಸುವವನೊಡನೆ ಹೋಲಿಸುವುದೂ ಸಲ್ಲದು. ಸಂಶೋಧಕನನ್ನು ಪತ್ರಿಕೆಯ ಪ್ರಭಾವಾಂಕದಿಂದ ಅಳೆಯಬಾರದೆಂದು 2013ರ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆಯು ವಿಜ್ಞಾನಲೋಕಕ್ಕೆ ಕರೆಯಿತ್ತಿದೆ.

ಉಪಸಂಹಾರ

ಹಾಗೆಂದು ಎಣಿಕೆಯನ್ನೇ ತಿರಸ್ಕರಿಸುವುದು ವಿವೇಕವಲ್ಲ. ಶಿಫಾರಸು, ಪರಿಚಯ, ಪಕ್ಷಪಾತಗಳ ಎದುರು ಅದು ಬಡ ವಿದ್ವಾಂಸನಿಗೆ ಒದಗುವ ಒಂದು ಸಾಕ್ಷಿ. ಆದರೆ ಸಾಕ್ಷಿಯೇ ತೀರ್ಪಲ್ಲ. ವಿದ್ವಾಂಸರನ್ನು ಆರಿಸುವ ಅಧ್ಯಾಪಕರೂ ಸಂಶೋಧನೆಗೆ ದ್ರವ್ಯಸಹಾಯ ನೀಡುವ ದಾನಿಗಳೂ ಅಂಕಿಗಳನ್ನು ನೋಡಿದ ಮೇಲೆ, ಆ ಸಂಶೋಧಕನ ಶ್ರೇಷ್ಠವಾದ ಎರಡು ಮೂರು ಲೇಖನಗಳನ್ನು ಬಲ್ಲವರಿಂದ ಓದಿಸಿ, ಅವುಗಳಿಂದ ರೋಗದ ಅರಿವು ಎಷ್ಟು ಬೆಳೆಯಿತು, ರೋಗಿಗೆ ಯಾವ ಹಿತವಾಯಿತು ಎಂದು ಕೇಳಬೇಕು. ಆ ಪ್ರಶ್ನೆಗಳಿಗೆ ಉತ್ತರ ದೊರೆತಾಗಲೇ ಅಳತೆ ಪೂರ್ಣವಾಗುತ್ತದೆ. ಅರ್ಹನಾದವನಿಗೆ ಸಲ್ಲಬೇಕಾದ ಗೌರವವು ಅವನು ಬದುಕಿರುವಾಗಲೇ ಸಲ್ಲುತ್ತದೆ.