ಠಾಣೆಗೆ ಹೋದಾಗ ಕಾಗದ ಕೇಳಿ



ಈ ಪಾಠವನ್ನು ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ. ನಡುವೆ ಯಾರಿಗಾದರೂ ಏನಾದರೂ ನೆನಪಾದರೆ ಓದೋದನ್ನ ನಿಲ್ಲಿಸಿ ಮಾತಾಡಿ. ಪಾಠ ಮುಂದಿನ ವಾರಕ್ಕೆ ಉಳಿದರೂ ಪರವಾಗಿಲ್ಲ.

ಬ್ಯಾಂಕಿಗೆ ಹೋಗುವುದನ್ನು ಸಂಘ ನಮಗೆ ಕಲಿಸಿತು. ಪಂಚಾಯ್ತಿಗೆ, ತಾಲ್ಲೂಕು ಆಫೀಸಿಗೆ ಹೋಗುವುದನ್ನೂ ಕಲಿತೆವು. ಆದರೆ ಪೊಲೀಸ್ ಠಾಣೆ ಅಂದರೆ ಇವತ್ತಿಗೂ ಕಾಲು ಹಿಂದೆ ಸರಿಯುತ್ತದೆ. "ಸ್ಟೇಷನ್ ಮೆಟ್ಟಿಲು ಹತ್ತಿದವಳು" ಅಂತ ಊರವರು ಆಡಿಕೊಳ್ಳುತ್ತಾರೆ ಅನ್ನೋ ಭಯ ಒಂದು. ಅಲ್ಲಿ ದುಡ್ಡು ಕೇಳ್ತಾರೆ, ಬೈತಾರೆ ಅನ್ನೋ ಭಯ ಇನ್ನೊಂದು. ಈ ಎರಡನೇ ಭಯ ಬರೀ ಕಲ್ಪನೆ ಅಂತ ನಾವು ಹೇಳುವುದಿಲ್ಲ. ಅದನ್ನು ಎದುರಿಸುವುದು ಹೇಗೆ ಅಂತ ನೋಡೋಣ.

ಅಟ್ಟದ ಮೇಲಿನ ಕೊಬ್ಬರಿ

ಅರಸೀಕೆರೆ ಕಡೆಯ ಒಂದು ಮನೆ ಅಂದುಕೊಳ್ಳಿ. ವರ್ಷವಿಡೀ ಅಟ್ಟದ ಮೇಲೆ ಕಾಯಿ ಒಣಗಿಸಿ, ಸುಲಿಸಿ, ಮಾರ್ಕೆಟ್ಟಿಗೆ ಹಾಕಬೇಕು ಅಂತ ಚೀಲ ಕಟ್ಟಿಟ್ಟಿದ್ದ ಕೊಬ್ಬರಿ ರಾತ್ರೋರಾತ್ರಿ ಕಳುವಾಯಿತು. ಮನೆಯಾಕೆ ಬೆಳಿಗ್ಗೆಯೇ ಠಾಣೆಗೆ ಹೋದಳು. ಅಲ್ಲಿ ನಡೆಯುವ ಮಾತು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು.

"ಏನಮ್ಮ, ಯಾರ ಮೇಲೆ ಅನುಮಾನ?"

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲ ಅಂದ್ರೆ ನಾವೇನ್ ಮಾಡೋಣ? ಸಾಹೇಬ್ರು ಬಂದೋಬಸ್ತಿಗೆ ಹೋಗವ್ರೆ, ನಾಳೆ ಬಾ."

ನಾಳೆ ಹೋದರೆ ನಾಡಿದ್ದು. ನಾಡಿದ್ದು ಹೋದರೆ, "ಹುಡುಕೋಕೆ ನಾಲ್ಕು ಕಡೆ ಓಡಾಡಬೇಕು, ಜೀಪಿಗೆ ಡೀಸೆಲ್ ಹಾಕಿಸಿಕೊಡಿ." ಆಕೆ ಸಾಲ ಮಾಡಿ ಎರಡು ಸಾವಿರ ಕೊಟ್ಟು ಬರುತ್ತಾಳೆ. ಹದಿನೈದು ದಿನ ಆದ ಮೇಲೆ ಕೇಳಿದರೆ, ಆಕೆ ದೂರು ಕೊಟ್ಟಿದ್ದಳು ಅನ್ನುವುದಕ್ಕೇ ಸಾಕ್ಷಿ ಇಲ್ಲ. ದುಡ್ಡು ಕೊಟ್ಟಿದ್ದಕ್ಕಂತೂ ಮೊದಲೇ ಇಲ್ಲ.

ಇಡೀ ಕತೆಯಲ್ಲಿ ಒಂದು ತುಂಡು ಕಾಗದವೂ ಇಲ್ಲ ಅನ್ನುವುದನ್ನು ಗಮನಿಸಿ. ಮಾಮೂಲು ಬೆಳೆಯುವುದು ಬಾಯಿಮಾತಿನಲ್ಲಿ.

ಕಾನೂನು ಏನು ಹೇಳುತ್ತದೆ? 2024ರ ಜುಲೈ 1ರಿಂದ ಹಳೆಯ ಕಾನೂನುಗಳು ಹೋಗಿ ಹೊಸವು ಬಂದಿವೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ವಾರಂಟ್ ಇಲ್ಲದೆ ಪೊಲೀಸರು ಹಿಡಿಯಬಹುದಾದಂಥ ಅಪರಾಧದ ಸುದ್ದಿ ಕೊಟ್ಟರೆ ಅದನ್ನು ಬರೆದುಕೊಳ್ಳಲೇಬೇಕು. ನಾವು ಬಾಯಲ್ಲಿ ಹೇಳಿದರೆ ಅವರೇ ಬರೆದು, ನಮಗೆ ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ಇದೇ ಎಫ್‌ಐಆರ್. ಅದರ ಪ್ರತಿ ನಮಗೆ ಬಿಟ್ಟಿಯಾಗಿ ಕೊಡಬೇಕು, ಒಂದು ರೂಪಾಯಿಯೂ ಇಲ್ಲ. "ಇದು ನಮ್ಮ ಲಿಮಿಟ್ಸಿಗೆ ಬರಲ್ಲ, ಬಾಣಾವರಕ್ಕೆ ಹೋಗಿ" ಅಂತ ಅಟ್ಟುವ ಹಾಗಿಲ್ಲ. ಯಾವ ಠಾಣೆಯಲ್ಲಿ ಕೊಟ್ಟರೂ ಬರೆದುಕೊಂಡು ಅವರೇ ಕಳಿಸಬೇಕು. ಸುಪ್ರೀಂ ಕೋರ್ಟು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಎಫ್‌ಐಆರ್ ಹಾಕುವುದು ಕಡ್ಡಾಯ ಅಂತ ಹೇಳಿಯಾಗಿದೆ. ಮೂರು ವರ್ಷದಿಂದ ಏಳು ವರ್ಷದ ಒಳಗೆ ಶಿಕ್ಷೆ ಇರುವ ಕೆಲವು ಅಪರಾಧಗಳಲ್ಲಿ ಮಾತ್ರ ಡಿವೈಎಸ್‌ಪಿ ಒಪ್ಪಿಗೆ ಪಡೆದು 14 ದಿನದಲ್ಲಿ ಪ್ರಾಥಮಿಕ ವಿಚಾರಣೆ ಮಾಡಬಹುದು. ಹಾಗಿದ್ದರೂ ನಮ್ಮ ಅರ್ಜಿಗೆ ಸ್ವೀಕೃತಿ ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಆದ್ದರಿಂದ ದೂರನ್ನು ಮನೆಯಲ್ಲೇ ಎರಡು ಪ್ರತಿ ಬರೆದುಕೊಂಡು ಹೋಗಿ. ಬರೆಯಲು ಬಾರದವರಿಗೆ ಸಂಘದ ಲೆಕ್ಕ ಬರೆಯುವವರು ಬರೆದುಕೊಡಲಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಠಾಣೆಯ ಮೊಹರು, ತಾರೀಖು, ಸಹಿ ಹಾಕಿಸಿಕೊಳ್ಳಿ. "ಅದೆಲ್ಲ ಯಾಕಮ್ಮ, ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂತ ಕೇಳಬಹುದು. "ನಂಬಿಕೆ ಇದೆ ಸಾರ್, ಸಂಘದಲ್ಲಿ ತೋರಿಸಬೇಕು" ಅನ್ನಿ. ಸುಳ್ಳೇನೂ ಅಲ್ಲವಲ್ಲ.

ಆಗಲೂ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಹಾಸನದ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ. ರಿಜಿಸ್ಟರ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನ ಜೊತೆ ಸೇರಿಹೋಗಿದೆ. ಹಾಗಾಗಿ ಸ್ಪೀಡ್ ಪೋಸ್ಟ್ ಅಂತಲೇ ಕೇಳಿ, ರಸೀದಿ ಜೋಪಾನ ಮಾಡಿ. ಅಲ್ಲಿಯೂ ಕೆಲಸ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು. ವಕೀಲರ ಫೀಸಿಗೆ ಹೆದರಬೇಡಿ. ಕಾನೂನು ಸೇವೆಗಳ ಪ್ರಾಧಿಕಾರದ 1987ರ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಗೋಣಿಬೀಡಿನ ಪ್ರಕರಣ

ಕಾಗದ ಇಲ್ಲದೆ ನಡೆಯುವ ಪೊಲೀಸ್ ಕೆಲಸ ಎಲ್ಲಿಗೆ ಮುಟ್ಟಬಹುದು ಅನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಬೇಲೂರು ತಾಲ್ಲೂಕಿಗೆ ಅಂಟಿಕೊಂಡಿರುವುದೇ ಮೂಡಿಗೆರೆ ತಾಲ್ಲೂಕು. ಅಲ್ಲಿನ ಗೋಣಿಬೀಡು ಠಾಣೆಗೆ 2021ರ ಮೇ 10ರಂದು ಒಬ್ಬ ದಲಿತ ಯುವಕನನ್ನು ಕರೆದೊಯ್ದರು. ಒಬ್ಬ ಹೆಣ್ಣುಮಗಳ ವಿಷಯದಲ್ಲಿ ಊರಿನ ಕೆಲವರು ಬಾಯಿಮಾತಿನಲ್ಲಿ ಹೇಳಿದ ದೂರು ಅದು. ಠಾಣೆಯಲ್ಲಿ ಕೈಕಾಲು ಕಟ್ಟಿ ಹೊಡೆದರು, ಬಾಯಾರಿ ನೀರು ಕೇಳಿದರೆ ಅಲ್ಲಿದ್ದ ಇನ್ನೊಬ್ಬನಿಂದ ಮೂತ್ರ ಮಾಡಿಸಿದರು, ನೆಲಕ್ಕೆ ಬಿದ್ದದ್ದನ್ನು ನೆಕ್ಕಿಸಿದರು ಅಂತ ಆ ಯುವಕ ಆರೋಪ ಮಾಡಿದ. ಇದನ್ನು ಓದುವಾಗ ನಮ್ಮ ಹೊಟ್ಟೆ ತೊಳಸುತ್ತದೆ. ಹೇಳುವುದಕ್ಕೆ ಅವನಿಗೆ ಎಷ್ಟು ಕಷ್ಟವಾಗಿರಬೇಕು!

ಅವನು ಸುಮ್ಮನೆ ಕೂರಲಿಲ್ಲ. ನಡೆದದ್ದನ್ನೆಲ್ಲ ಬರೆದು ಗೃಹಮಂತ್ರಿಗಳಿಗೆ, ರಾಜ್ಯದ ಪೊಲೀಸ್ ಮುಖ್ಯಸ್ಥರಿಗೆ ಕಳಿಸಿದ. ಅದೇ ತಿಂಗಳಲ್ಲಿ ಆ ಸಬ್ ಇನ್‌ಸ್ಪೆಕ್ಟರ್ ಮೇಲೆ, ಅವರೇ ಅಧಿಕಾರಿಯಾಗಿದ್ದ ಠಾಣೆಯಲ್ಲೇ, ಪರಿಶಿಷ್ಟ ಜಾತಿ-ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯೂ ಸೇರಿ ಎಫ್‌ಐಆರ್ ಆಯಿತು. ಅವರನ್ನು ಅಮಾನತು ಮಾಡಿದರು. ತನಿಖೆ ಸಿಐಡಿಗೆ ಹೋಯಿತು. ಸೆಪ್ಟೆಂಬರಿನಲ್ಲಿ ಸಿಐಡಿಯವರು ಅವರನ್ನು ಬಂಧಿಸಿದರು. ತಪ್ಪು ಯಾರದು, ಎಷ್ಟು ಅನ್ನುವುದನ್ನು ಹೇಳಬೇಕಾದ್ದು ಕೋರ್ಟು. ಆದರೆ ಊರವರ ಬಾಯಿಮಾತಿನ ಮೇಲೆ ಠಾಣೆಯೊಳಗೆ ಹೋದ ಒಬ್ಬ ಬಡ ಹುಡುಗನ ಮಾತಿಗೆ ಬೆಲೆ ಬಂದದ್ದು ಅವನು ಅದನ್ನು ಕಾಗದಕ್ಕೆ ಇಳಿಸಿದ ಮೇಲೆ.

ನಮ್ಮ ಮನೆಯ ಗಂಡುಮಕ್ಕಳನ್ನು ಹೀಗೆ ಕರೆದುಕೊಂಡು ಹೋದರೆ ಏನು ಕೇಳಬೇಕು ಅಂತ ತಾಯಂದಿರು ತಿಳಿದಿರಬೇಕು. ಬಂಧಿಸಿದರೆ ಕಾರಣ ಹೇಳಬೇಕು, ಬಂಧನದ ಪತ್ರ ಬರೆದು ಮನೆಯವರ ಅಥವಾ ಊರಿನ ಒಬ್ಬ ಗೌರವಸ್ಥರ ಸಹಿ ಪಡೆಯಬೇಕು, ಮನೆಗೆ ಸುದ್ದಿ ಮುಟ್ಟಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಾಕಿಕೊಟ್ಟ ದಾರಿ ಇದು, ಈಗ ಕಾನೂನಿನಲ್ಲೇ ಇದೆ. "ಸುಮ್ನೆ ವಿಚಾರಣೆಗೆ ಕರ್ಕೊಂಡ್ ಹೋಗ್ತಿದೀವಿ" ಅಂದರೆ "ನೋಟಿಸ್ ಕೊಡಿ ಸಾರ್" ಅಂತ ಕೇಳಿ. ಠಾಣೆಗಳಲ್ಲಿ ಸಿಸಿ ಕ್ಯಾಮೆರಾ ಇರಬೇಕು, ಅದರ ಚಿತ್ರವನ್ನು 18 ತಿಂಗಳು, ಕಡೇ ಪಕ್ಷ ಒಂದು ವರ್ಷ ಇಟ್ಟಿರಬೇಕು ಅಂತ 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗಾಗಿ ಹೋದ ದಿನ, ಹೊತ್ತು ಎರಡನ್ನೂ ಬರೆದಿಡಿ.

ಹೆಂಗಸರಿಗೆ ಇನ್ನೂ ಕೆಲವು ರಕ್ಷಣೆ ಇವೆ. ಸಾಕ್ಷಿ ಹೇಳಿಕೆಗೆ ಹೆಂಗಸರನ್ನು ಠಾಣೆಗೆ ಬಾ ಅನ್ನುವ ಹಾಗಿಲ್ಲ, ಅವರೇ ಮನೆಗೆ ಬರಬೇಕು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸರನ್ನು ಬಂಧಿಸುವ ಹಾಗಿಲ್ಲ. ತೀರಾ ಅಗತ್ಯ ಬಿದ್ದರೆ ಮಹಿಳಾ ಅಧಿಕಾರಿಯೇ ಬರಹದಲ್ಲಿ ಕಾರಣ ಕೊಟ್ಟು ಮ್ಯಾಜಿಸ್ಟ್ರೇಟರ ಒಪ್ಪಿಗೆ ತರಬೇಕು. ಅತ್ಯಾಚಾರ, ಮೈಮೇಲೆ ಕೈಹಾಕುವುದು, ಆಸಿಡ್ ದಾಳಿಯಂಥ ದೂರನ್ನು ಬರೆದುಕೊಳ್ಳದ ಅಧಿಕಾರಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು ಇದೆ. ಇಂಥ ಪ್ರಕರಣದಲ್ಲಿ "ರಾಜಿ ಮಾಡ್ಕೊಳ್ಳಿ, ಮರ್ಯಾದೆ ಪ್ರಶ್ನೆ" ಅಂತ ಠಾಣೆಯಲ್ಲೇ ಪಂಚಾಯ್ತಿ ಕೂರಿಸುವುದಕ್ಕೆ ಯಾರಿಗೂ ಅಧಿಕಾರ ಇಲ್ಲ.

ಖಾಕಿ ಹಾಕಿದವರೇ ಮನೆಯವರಾದರೆ

2024ರ ಜುಲೈ 1ರಂದು ಹಾಸನದಲ್ಲಿ ನಡೆದದ್ದು ನಮ್ಮಲ್ಲಿ ಬಹಳ ಜನಕ್ಕೆ ನೆನಪಿದೆ. ಗಂಡ ಪೊಲೀಸ್ ಕಾನ್‌ಸ್ಟೆಬಲ್. ಅವನ ಮೇಲೆ ದೂರು ಹೇಳಲು ಹೆಂಡತಿ ಎಸ್‌ಪಿ ಕಚೇರಿಗೆ ಬಂದಳು. ಆ ಕಚೇರಿಯ ಆವರಣದಲ್ಲೇ ಅವನು ಚಾಕು ಹಾಕಿದ, ಆಕೆ ಉಳಿಯಲಿಲ್ಲ. ಹೊಸ ಕಾನೂನುಗಳು ಜಾರಿಗೆ ಬಂದದ್ದೂ ಅದೇ ದಿನ.

ದೂರು ಕೊಡಲು ಹೋದದ್ದು ಆಕೆಯ ತಪ್ಪು ಅಂತ ಯಾರೂ ಹೇಳದಿರಲಿ. ಆದರೆ ಇಂಥ ಸಂದರ್ಭದಲ್ಲಿ ಒಬ್ಬರೇ ಹೋಗಬೇಡಿ, ಸಂಘದಿಂದ ನಾಲ್ಕೈದು ಜನ ಜೊತೆಯಲ್ಲಿರಿ. ಪೊಲೀಸರ ಹತ್ತಿರವೇ ಹೋಗಬೇಕು ಅಂತೇನೂ ಇಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿ ಇದ್ದಾರೆ. ಅಂಗನವಾಡಿ ನೋಡಿಕೊಳ್ಳುವ ಸಿಡಿಪಿಒ ಅವರಿಗೇ ಆ ಕೆಲಸವನ್ನೂ ಕೊಟ್ಟಿದ್ದಾರೆ. ಅವರ ಮೂಲಕ ನೇರ ಕೋರ್ಟಿನಿಂದ ರಕ್ಷಣಾ ಆದೇಶ ಪಡೆಯಬಹುದು. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ಲಂಚ ಕೇಳಿದರೆ

ಪೊಲೀಸರೆಲ್ಲ ಕೆಟ್ಟವರು ಅನ್ನುವುದು ನ್ಯಾಯವಲ್ಲ. ಜಾತ್ರೆ, ಚುನಾವಣೆ, ಮಂತ್ರಿಗಳ ಬಂದೋಬಸ್ತು ಅಂತ ಹಗಲೂ ರಾತ್ರಿ ನಿಲ್ಲುವ ಪೇದೆಗಳ ಪಾಡು ನೋಡಿದ್ದೇವೆ. ರಜೆ, ಸಂಬಳ, ಮೇಲಧಿಕಾರಿಗಳ ಕಿರುಕುಳ ಅಂತ 2016ರ ಜೂನ್ 4ರಂದು ರಾಜ್ಯದ ಪೊಲೀಸರು ಸಾಮೂಹಿಕ ರಜೆಗೇ ಮುಂದಾಗಿದ್ದರು. ಕೊಳೆ ಮೇಲಿನಿಂದಲೂ ಇಳಿಯುತ್ತದೆ. 545 ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆಯಲ್ಲಿ ಅಕ್ರಮ ಆಯಿತು ಅಂತ ಸಿಐಡಿ ತನಿಖೆ ನಡೆಯಿತು. 2022ರ ಏಪ್ರಿಲ್‌ನಲ್ಲಿ ಆಯ್ಕೆಯನ್ನೇ ರದ್ದು ಮಾಡಿದರು. ಜುಲೈನಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯನ್ನೇ ಬಂಧಿಸಿದರು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ನ್ಯಾಯವಾಗಿ ಓದಿ ಬರೆದ ಹಳ್ಳಿ ಮಕ್ಕಳು ಎರಡು ವರ್ಷಕ್ಕೂ ಹೆಚ್ಚು ಕಾದರು. ಲಕ್ಷಗಟ್ಟಲೆ ಕೊಟ್ಟು ಹುದ್ದೆ ಕೊಳ್ಳುವವನು ಆಮೇಲೆ ಅದನ್ನು ಯಾರಿಂದ ವಸೂಲಿ ಮಾಡುತ್ತಾನೆ, ನೀವೇ ಲೆಕ್ಕ ಹಾಕಿ.

ಲಂಚ ತೆಗೆದುಕೊಂಡವರಿಗೆ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಮೂರರಿಂದ ಏಳು ವರ್ಷ ಜೈಲು. ನಮಗೆ ಗೊತ್ತಿರಬೇಕಾದ್ದು ಇನ್ನೊಂದಿದೆ. 2018ರ ತಿದ್ದುಪಡಿ ಆದ ಮೇಲೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಟ್ಟವರಿಗೆ ಮಾತ್ರ ರಕ್ಷಣೆ. ಮೊದಲೇ ತಿಳಿಸಿ, ಹಿಡಿಸಿಕೊಡಲು ಕೊಟ್ಟರೆ ಅದು ತಪ್ಪೇ ಅಲ್ಲ. ಆದ್ದರಿಂದ "ಕೊಟ್ಟು ಕೈ ತೊಳ್ಕೊಳ್ಳೋಣ" ಅನ್ನುವ ಮಾತು ಈಗ ನಡೆಯುವುದಿಲ್ಲ.

ದೂರು ಯಾರಿಗೆ? ಲೋಕಾಯುಕ್ತ ಪೊಲೀಸರಿಗೆ. 2016ರಲ್ಲಿ ಈ ಕೆಲಸವನ್ನು ಎಸಿಬಿ ಅಂತ ಬೇರೆ ಮಾಡಿದ್ದರು. 2022ರ ಆಗಸ್ಟಿನಲ್ಲಿ ಹೈಕೋರ್ಟು ಎಸಿಬಿಯನ್ನು ರದ್ದು ಮಾಡಿ ಅಧಿಕಾರವನ್ನು ಮತ್ತೆ ಲೋಕಾಯುಕ್ತಕ್ಕೆ ಕೊಟ್ಟಿತು. ಅವರ ಕಚೇರಿ ಹಾಸನದಲ್ಲಿದೆ. ಅವರು ಬಲೆ ಬೀಸುವುದು ಹೀಗೆ: ನಮ್ಮ ದೂರನ್ನು ದಾಖಲು ಮಾಡಿಕೊಳ್ಳುತ್ತಾರೆ. ನಾವು ಕೊಡಬೇಕಾದ ನೋಟುಗಳ ನಂಬರ್ ಬರೆದುಕೊಂಡು ಅದಕ್ಕೆ ಫಿನಾಫ್ತಲೀನ್ ಅನ್ನುವ ಬಿಳಿ ಪುಡಿ ಸವರುತ್ತಾರೆ. ಪಂಚರು ಸಾಕ್ಷಿಯಾಗಿ ಜೊತೆಯಲ್ಲಿರುತ್ತಾರೆ. ಕೇಳಿದವರು ನೋಟು ಮುಟ್ಟಿದ ಕೂಡಲೇ ನಾವು ಸನ್ನೆ ಮಾಡಬೇಕು. ಆಮೇಲೆ ಅವರ ಬೆರಳನ್ನು ಸೋಡಾ ಕದಡಿದ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಬಣ್ಣ ಒಂದೇ ಸಾಲದು, ದುಡ್ಡು ಕೇಳಿದ್ದಕ್ಕೂ ಪುರಾವೆ ಬೇಕು. ಅದಕ್ಕೇ ಕೇಳಿದ ದಿನ, ಮಾತು, ಎದುರಿಗಿದ್ದವರು ಯಾರು ಅಂತ ಅವತ್ತೇ ಬರೆದಿಡಿ. ಫೋನಿನಲ್ಲಿ ಕೇಳಿದ್ದರೆ ರೆಕಾರ್ಡಿಂಗ್ ಅಳಿಸಬೇಡಿ.

ಹೊಡೆತ, ಅಕ್ರಮ ಬಂಧನದಂಥ ದೂರಿಗೆ ರಾಜ್ಯ ಮಾನವ ಹಕ್ಕುಗಳ ಆಯೋಗ ಇದೆ, ಪೊಲೀಸ್ ದೂರು ಪ್ರಾಧಿಕಾರವೂ ಇದೆ. ಈ ಪ್ರಾಧಿಕಾರ ಬೇಕು ಅಂತ 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು, ನಮ್ಮ ರಾಜ್ಯ ಕಾನೂನು ಮಾಡಿದ್ದು 2012ರಲ್ಲಿ. ಇಷ್ಟು ವರ್ಷವಾದರೂ ಇದರ ಹೆಸರು ಕೇಳಿದವರು ನಮ್ಮ ಹಳ್ಳಿಗಳಲ್ಲಿ ಕಡಿಮೆ.

ಬೇಲೂರು, ಹಳೇಬೀಡಿನ ದೇವಸ್ಥಾನಗಳ ಮುಂದೆ ಎಳನೀರು, ಕಡಲೆಕಾಯಿ, ಹೂವು ಮಾರುವ ಅಕ್ಕತಂಗಿಯರಿಗೆ ಒಂದು ಮಾತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ, ಪ್ರಮಾಣಪತ್ರ ಪಡೆದು ಅದರ ನಿಯಮದಂತೆ ವ್ಯಾಪಾರ ಮಾಡುವವರಿಗೆ ಪೊಲೀಸರೂ ತೊಂದರೆ ಕೊಡುವ ಹಾಗಿಲ್ಲ. ದಿನಾ ಹತ್ತಿಪ್ಪತ್ತು ರೂಪಾಯಿ, ಎರಡು ಎಳನೀರು ತಾನೇ ಅಂತ ಕೊಡುವವರು ವರ್ಷಕ್ಕೆ ಎಷ್ಟಾಯಿತು ಅಂತ ಸಂಘದ ಉಳಿತಾಯದ ಪುಸ್ತಕದ ಪಕ್ಕದಲ್ಲಿ ಇಟ್ಟು ನೋಡಿ. ಮೊದಲು ಆ ಪ್ರಮಾಣಪತ್ರ ಮಾಡಿಸಿಕೊಳ್ಳಿ.

ಸಭೆಯಲ್ಲಿ ಮಾತಾಡಲು:

ನಮ್ಮ ಸಂಘದಲ್ಲಿ ಯಾರಾದರೂ ಠಾಣೆಗೆ ಹೋಗಿದ್ದೀರಾ? ದೂರಿನ ಪ್ರತಿ ಸಿಕ್ಕಿತೇ? ಸಿಗದಿದ್ದರೆ ಏನು ಹೇಳಿ ಕಳಿಸಿದರು?

ನಾಳೆ ನಮ್ಮಲ್ಲಿ ಒಬ್ಬರಿಗೆ ತೊಂದರೆಯಾದರೆ ಜೊತೆಗೆ ಹೋಗುವ ಮೂವರು ಯಾರು? ಹೆಸರನ್ನು ಇವತ್ತೇ ನಡಾವಳಿ ಪುಸ್ತಕದಲ್ಲಿ ಬರೆಯಿರಿ.

ಅರ್ಜಿ ಬರೆಯುವ ಅಭ್ಯಾಸ: ಕೊಬ್ಬರಿ ಕಳುವಾದ ಮನೆಯಾಕೆಯ ಪರವಾಗಿ ಒಂದು ದೂರು ಬರೆಯಿರಿ. ಏನು ಹೋಯಿತು, ಯಾವತ್ತು, ಎಷ್ಟು ಚೀಲ, ಮೊದಲು ನೋಡಿದವರು ಯಾರು ಅನ್ನುವುದೆಲ್ಲ ಇರಲಿ. ಮುಂದಿನ ಸಭೆಗೆ ತನ್ನಿ, ಒಟ್ಟಿಗೆ ತಿದ್ದೋಣ.