ವಾಹನದ ಕೀಲಿಕೈ ತಿರುಗದಿದ್ದಾಗ: ಬೆಳೆಗಾರರ ತಿಳಿವಳಿಕೆಗೆ ಒಂದು ಪಾಠ

ಕಾಫಿ ಕೊಯ್ಲೂ ಅಡಿಕೆ ಕೊಯ್ಲೂ ಒಟ್ಟೊಟ್ಟಿಗೆ ಬರುವ ದಿನಗಳಲ್ಲಿ ನಮ್ಮ ಸದಸ್ಯರ ಜೀಪು, ಪಿಕಪ್, ಕಾರುಗಳಿಗೆ ಬಿಡುವೆಂಬುದಿಲ್ಲ. ಕೆಲಸದವರನ್ನು ಕರೆತರಬೇಕು, ಮೂಟೆ ಸಾಗಿಸಬೇಕು, ಸಂತೆಗೂ ಬ್ಯಾಂಕಿಗೂ ಓಡಾಡಬೇಕು. ಇವೆಲ್ಲಕ್ಕಿಂತ ಮಿಗಿಲಾದ ಮಾತೊಂದಿದೆ. ಪೇಟೆಯಿಂದ ದೂರದ ಒಂಟಿಮನೆಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಯಾರಿಗಾದರೂ ಎದೆನೋವು ಬಂದರೆ, ತೋಟದಲ್ಲಿ ಹಾವು ಕಚ್ಚಿದರೆ, ಅಂಗಳದಲ್ಲಿ ನಿಂತ ವಾಹನವೇ ಮೊದಲ ಆಸರೆ. ಅಂಥ ಗಳಿಗೆಯಲ್ಲಿ ಕೀಲಿಕೈ ತಿರುಗದೇ ಹೋದರೆ ಕೈಕಾಲು ಆಡುವುದಿಲ್ಲ. ಗಾಬರಿಯಲ್ಲಿ ಬಲ ಹಾಕಿ ಕೀಲಿಯನ್ನು ಬೀಗದೊಳಗೇ ಮುರಿದುಕೊಳ್ಳುವುದೂ ಉಂಟು. ಈ ತೊಂದರೆಯ ಕಾರಣಗಳು ಬೆರಳೆಣಿಕೆಯವು. ಬಹುಪಾಲು ನಾವೇ ನಿವಾರಿಸಿಕೊಳ್ಳಬಹುದಾದವು.

ಮೊದಲು ಒಂದು ವ್ಯತ್ಯಾಸವನ್ನು ಮನದಟ್ಟು ಮಾಡಿಕೊಳ್ಳಬೇಕು. ಕೀಲಿ ತಿರುಗದಿರುವುದು ಬೇರೆ, ಕೀಲಿ ತಿರುಗಿದರೂ ಇಂಜಿನು ಹೊಡೆಯದಿರುವುದು ಬೇರೆ. ಕೀಲಿ ತಿರುಗಿ, ದೀಪ ಮಂಕಾಗಿ, ‘ಟಕ್ ಟಕ್’ ಎಂದರೆ ದೋಷ ಸಾಮಾನ್ಯವಾಗಿ ಬ್ಯಾಟರಿಯಲ್ಲಿ ಅಥವಾ ಅದರ ತಂತಿಯ ಜೋಡಣೆಯಲ್ಲಿರುತ್ತದೆ. ಕೀಲಿಯೇ ಕದಲದಿದ್ದರೆ ದೋಷ ಬೀಗದಲ್ಲಿ, ಕೀಲಿಯಲ್ಲಿ ಇಲ್ಲವೆ ಸ್ಟೀರಿಂಗ್‌ನಲ್ಲಿ. ಈಚಿನ ವಾಹನಗಳ ಕೀಲಿಯ ತಲೆಯಲ್ಲಿ ಕಳ್ಳತನ ತಡೆಯುವ ಚಿಪ್ಪು ಇರುತ್ತದೆ. ಅದು ಕೆಟ್ಟರೂ ಕೀಲಿ ತಿರುಗುತ್ತದೆ, ಇಂಜಿನು ಮಾತ್ರ ಹೊತ್ತಿಕೊಳ್ಳದು.

ಒಂದು: ಸ್ಟೀರಿಂಗ್ ಬೀಗ. ಹತ್ತಾರು ವರ್ಷ ಹಿಂದಿನ ಅನೇಕ ಜೀಪುಗಳಲ್ಲಿ ಕೀಲಿಯ ಕಂಡಿ ಮುಂದಿನ ಹಲಗೆಯಲ್ಲಿರುತ್ತಿತ್ತು. ಸ್ಟೀರಿಂಗ್‌ಗೂ ಅದಕ್ಕೂ ಸಂಬಂಧವಿರಲಿಲ್ಲ. ಅಮೆರಿಕದಲ್ಲಿ 1970ರ ಮಾದರಿಯ ಕಾರುಗಳಿಂದ ಕಳ್ಳರ ಕಾಟ ತಡೆಯುವ ಬೀಗ ಕಡ್ಡಾಯವಾಯಿತು. ಇಂದು ನಮ್ಮಲ್ಲಿಯೂ ಕೀಲಿ ಹಾಕುವ ಕಾರುಗಳಲ್ಲಿ ಸಾಮಾನ್ಯವಾಗಿ ಸ್ಟೀರಿಂಗ್ ಬೀಗ ಇರುತ್ತದೆ. ಕೀಲಿ ತೆಗೆದ ಮೇಲೆ ಸ್ಟೀರಿಂಗ್ ಸ್ವಲ್ಪ ತಿರುಗಿದರೆ, ಉಕ್ಕಿನ ಅಗುಳಿಯೊಂದು ಸ್ಟೀರಿಂಗ್ ದಂಡದ ಗಾಡಿಗೆ ಬಿದ್ದು ಹಿಡಿದುಕೊಳ್ಳುತ್ತದೆ. ಚಕ್ರ ಕಲ್ಲಿಗೋ ಬದುವಿಗೋ ಒತ್ತಿ ನಿಂತಿದ್ದರೆ, ಅಥವಾ ಎತ್ತರದ ಪಿಕಪ್ಪಿನಿಂದ ಇಳಿಯುವಾಗ ಸ್ಟೀರಿಂಗ್ ಹಿಡಿದು ಜಗ್ಗಿದ್ದರೆ, ಆ ಅಗುಳಿಯ ಮೇಲೆ ಭಾರ ಬೀಳುತ್ತದೆ. ಭಾರ ಬಿದ್ದ ಅಗುಳಿ ಹಿಂದಕ್ಕೆ ಸರಿಯದು; ಕೀಲಿಯೂ ತಿರುಗದು. ಬಾಗಿಲನ್ನು ಹೊರಗಿನಿಂದ ಯಾರಾದರೂ ದೂಡುತ್ತಿರುವಾಗ ಒಳಗಿನ ಚಿಲಕ ತೆಗೆಯಲಾಗದಂತೆಯೇ ಇದು.

ಪರಿಹಾರ ಸುಲಭ. ಎಡಗೈಯಿಂದ ಸ್ಟೀರಿಂಗನ್ನು ಎರಡೂ ಕಡೆಗೆ ಮೆಲ್ಲನೆ ಆಡಿಸಿ ನೋಡಬೇಕು. ಒಂದು ಕಡೆಗೆ ಗಟ್ಟಿ ನಿಲ್ಲುತ್ತದೆ, ಇನ್ನೊಂದು ಕಡೆಗೆ ಕೂದಲಿನಷ್ಟು ಸಡಿಲವಿರುತ್ತದೆ. ಆ ಸಡಿಲದ ಕಡೆಗೆ ಸ್ಟೀರಿಂಗನ್ನು ಒತ್ತಿ ಹಿಡಿದು, ಅದೇ ಹೊತ್ತಿಗೆ ಬಲಗೈಯಿಂದ ಕೀಲಿಯನ್ನು ಹಗುರವಾಗಿ ತಿರುಗಿಸಬೇಕು. ಬಲ ಬೇಕಾದದ್ದು ಸ್ಟೀರಿಂಗ್‌ಗೆ, ಕೀಲಿಗಲ್ಲ. ಇಳಿಜಾರಿನಲ್ಲಿ ನಿಂತ ವಾಹನವಾದರೆ ಮೊದಲು ಚಕ್ರಕ್ಕೆ ಕಲ್ಲು ಕೊಟ್ಟು, ಕೈಬ್ರೇಕು ಎಳೆದಿದೆಯೇ ಎಂದು ನೋಡಿಕೊಳ್ಳತಕ್ಕದ್ದು. ಗುಂಡಿ ಒತ್ತಿ ಹೊರಡಿಸುವ ವಾಹನಗಳಲ್ಲಿಯೂ ಸ್ಟೀರಿಂಗ್ ಬೀಗವಿದ್ದರೆ ಇದೇ ಉಪಾಯ ನಡೆಯುತ್ತದೆ.

ಎರಡು: ಸವೆದ ಕೀಲಿ. ಬೀಗದೊಳಗೆ ಸಣ್ಣ ಸಣ್ಣ ಲೋಹದ ಬಿಲ್ಲೆಗಳು ಸ್ಪ್ರಿಂಗಿನ ಮೇಲೆ ಸಾಲಾಗಿ ಕುಳಿತಿರುತ್ತವೆ. ಕೀಲಿಯ ಹಲ್ಲುಗಳು ಒಂದೊಂದನ್ನೂ ತಕ್ಕ ಮಟ್ಟಕ್ಕೆ ತಂದಾಗ ಮಾತ್ರ ಒಳಗಿನ ಉರುಳೆ ತಿರುಗುತ್ತದೆ. ಒಂದೇ ಒಂದು ಬಿಲ್ಲೆ ಎಳ್ಳಷ್ಟು ಹೊರಚಾಚಿದರೂ ಉರುಳೆ ಹಿಡಿದುಕೊಳ್ಳುತ್ತದೆ. ವರ್ಷಗಟ್ಟಲೆ ಬಳಸಿದ ಕೀಲಿಯ ಹಲ್ಲು ಸವೆದು ಈ ಮಟ್ಟ ತಪ್ಪುತ್ತದೆ. ಪರೀಕ್ಷೆ ಇಷ್ಟೇ: ಪೆಟ್ಟಿಗೆಯಲ್ಲಿಟ್ಟ ಎರಡನೆಯ ಕೀಲಿಯನ್ನು ಹಾಕಿ ನೋಡುವುದು. ಅದು ತಿರುಗಿದರೆ ದೋಷ ಹಳೆಯ ಕೀಲಿಯದು. ಅದೂ ತಿರುಗದಿದ್ದರೆ ಬೀಗದ್ದು. ನಕಲು ಮಾಡಿಸುವಾಗ ಸವೆದ ಕೀಲಿಯನ್ನು ಮಾದರಿಯಾಗಿ ಕೊಡಕೂಡದು, ಸವೆತವೂ ನಕಲಾಗುತ್ತದೆ. ಬಳಸದ ಕೀಲಿಯಿಂದಲೋ, ವಾಹನ ಕೊಂಡಾಗ ಕೊಟ್ಟ ಕೀಲಿಯ ಸಂಖ್ಯೆಯ ಬಿಲ್ಲೆಯಿಂದಲೋ ಮಾಡಿಸಬೇಕು.

ಬಾಗಿದ ಕೀಲಿಯನ್ನು ಸಮತಟ್ಟಾದ ಹಲಗೆಯ ಮೇಲಿಟ್ಟು ಮರದ ಕೊಡತಿಯಿಂದ ಮೆಲ್ಲನೆ ತಟ್ಟಿ ನೇರ ಮಾಡಬಹುದು. ಆದರೆ ಒಮ್ಮೆ ಬಾಗಿದ ಲೋಹ ಮತ್ತೆ ಮುರಿಯುವ ಸಂಭವ ಹೆಚ್ಚು. ಅದು ಮನೆ ಸೇರುವ ಮಟ್ಟಿಗೆ ಮಾತ್ರ.

ಮೂರು: ಧೂಳು ಮತ್ತು ತೇವ. ಬೇಸಗೆಯ ಮಣ್ಣುರಸ್ತೆಯ ಧೂಳು, ಜೇಬಿನ ನೂಲಿನ ಎಳೆ, ಮಳೆಗಾಲದ ತುಕ್ಕು, ಇವು ಬಿಲ್ಲೆಗಳನ್ನು ಅಂಟಿಸಿಬಿಡುತ್ತವೆ. ಕೀಲಿಯನ್ನು ಒಣಬಟ್ಟೆಯಿಂದ ಒರೆಸಿ, ಹತ್ತಿಪ್ಪತ್ತು ಸಲ ಒಳಗೆ ಹೊರಗೆ ಆಡಿಸಬೇಕು. ಆಮೇಲೆ ಪೆನ್ಸಿಲಿನ ಕಡ್ಡಿಯನ್ನು ಕೀಲಿಯ ಎರಡೂ ಮೈಗೆ ಉಜ್ಜಿ ಮತ್ತೆ ಆಡಿಸಬೇಕು. ಅದರಲ್ಲಿರುವ ಗ್ರಾಫೈಟ್ ಒಣ ಜಾರುಪುಡಿಯಾಗಿ ಕೆಲಸ ಮಾಡುತ್ತದೆ. ಆದರೆ ಪುಡಿಯನ್ನು ಬೀಗದೊಳಗೆ ಸುರಿಯಬಾರದು. ಗ್ರಾಫೈಟ್ ವಿದ್ಯುತ್ತನ್ನು ಹರಿಯಗೊಡುವ ವಸ್ತು, ಬೀಗದ ಹಿಂದೆಯೇ ವಿದ್ಯುತ್ ಸ್ವಿಚ್ಚು ಇದೆ. ಮನೆಯಲ್ಲಿ ಕೈಗೆ ಸಿಗುವ ತೆಂಗಿನೆಣ್ಣೆಯನ್ನಂತೂ ಬಿಡಲೇಕೂಡದು. ಚಳಿಗೆ ಹೆಪ್ಪುಗಟ್ಟಿ, ಧೂಳನ್ನು ಹಿಡಿದು, ಆರು ತಿಂಗಳಲ್ಲಿ ಬೀಗವನ್ನು ಇನ್ನಷ್ಟು ಕೆಡಿಸುತ್ತದೆ.

ಮಾಡಬಾರದ ಕೆಲಸಗಳನ್ನೂ ಹೇಳಬೇಕು. ಇಕ್ಕಳದಿಂದ ಕೀಲಿಯನ್ನು ತಿರುವಬಾರದು. ಸ್ಟೀರಿಂಗ್ ಅಗುಳಿಯನ್ನು ಒಡೆದು ಹಾಕಿಸುವ ಸಲಹೆ ಯಾರು ಕೊಟ್ಟರೂ ಒಪ್ಪಬಾರದು. ಅರ್ಧ ಮುರಿದ ಅಗುಳಿ ಓಡುವ ವಾಹನದ ಸ್ಟೀರಿಂಗನ್ನು ಹಿಡಿದರೆ ಗತಿಯೇನು? ಡೀಸೆಲ್ ಉಳಿಸಲೆಂದು ಇಂಜಿನು ಆರಿಸಿ ಘಾಟಿ ಇಳಿಸುವ ಅಭ್ಯಾಸ ಇನ್ನೂ ಅಲ್ಲಲ್ಲಿ ಇದೆ. ಇಂಜಿನು ಆರಿದಾಗ ಬ್ರೇಕಿಗೆ ಸಿಗುವ ಸಹಾಯಬಲ ಒಂದೆರಡು ತುಳಿತಕ್ಕೆ ಮುಗಿಯುತ್ತದೆ; ಅಪ್ಪಿತಪ್ಪಿ ಕೀಲಿಯೂ ಹೊರಬಂದರೆ ತಿರುವಿನಲ್ಲಿ ಸ್ಟೀರಿಂಗ್ ಬೀಗ ಬೀಳುತ್ತದೆ. ಚಾರ್ಮಾಡಿ, ಶಿರಾಡಿ, ಆಗುಂಬೆಗಳಲ್ಲಿ ಓಡಾಡುವ ನಾವು ಇದನ್ನು ಎಂದೂ ಮರೆಯಕೂಡದು.

ಗೋದಾಮು, ಪಂಪ್‌ಮನೆ, ಪಲ್ಪರ್ ಮನೆ, ಗೇಟು, ಹೀಗೆ ಎಲ್ಲ ಬೀಗದ ಕೈಗಳನ್ನೂ ಒಂದೇ ಗೊಂಚಲಿನಲ್ಲಿ ನೇತುಹಾಕುವುದು ನಮ್ಮಲ್ಲಿ ರೂಢಿ. ಮಣ್ಣುರಸ್ತೆಯ ಕುಲುಕಾಟದಲ್ಲಿ ಆ ಭಾರವೆಲ್ಲ ಇಗ್ನಿಷನ್ ಬೀಗದ ಮೇಲೆ ತೂಗಿ ಕೀಲಿಯನ್ನೂ ಬಿಲ್ಲೆಗಳನ್ನೂ ಸವೆಸುತ್ತದೆ. ವಾಹನದ ಕೀಲಿ ಒಂಟಿಯಾಗಿರಲಿ. ವಾಹನ ನಿಲ್ಲಿಸುವಾಗ ಚಕ್ರ ಕಲ್ಲಿಗೆ ತಾಗದಂತೆ ನೋಡಿಕೊಂಡರೆ ಅರ್ಧ ತೊಂದರೆ ಹುಟ್ಟುವುದೇ ಇಲ್ಲ. ಕೀಲಿ ಈಚೆಗೆ ಆಗಾಗ ಸಿಕ್ಕಿಕೊಳ್ಳುತ್ತಿದ್ದರೆ ಅದೇ ಮುನ್ಸೂಚನೆ. ಪೂರ್ತಿ ನಿಲ್ಲುವ ಮುನ್ನ ಬೀಗವನ್ನು ತೋರಿಸತಕ್ಕದ್ದು.

ಜೀವದ ಪ್ರಶ್ನೆ ಬಂದಾಗ ಮಾತ್ರ ಬೀಗದೊಡನೆ ಗುದ್ದಾಡುತ್ತ ಕೂರಬಾರದು. ಒಬ್ಬರು ಸ್ಟೀರಿಂಗ್ ಆಡಿಸಿ, ಎರಡನೆಯ ಕೀಲಿ ಹಾಕಿ ನೋಡುತ್ತಿರುವಾಗಲೇ ಇನ್ನೊಬ್ಬರು 108ಕ್ಕೂ ಪಕ್ಕದ ಮನೆಗೂ ಕರೆ ಮಾಡಬೇಕು.

ಎರಡನೆಯ ಕೀಲಿ ಎಲ್ಲಿದೆಯೆಂದು ಮನೆಯ ಎಲ್ಲರಿಗೂ ತಿಳಿದಿರಲಿ. ಸದಸ್ಯರು ಈ ವಾರವೇ ಅದನ್ನು ಹುಡುಕಿ ತೆಗೆದು, ಒಮ್ಮೆ ಹಾಕಿ ತಿರುಗಿಸಿ ನೋಡಿಡುವುದು ಒಳಿತು.